ಬಾಗಿಲಲ್ಲೇ ಹೇಳಿಬಿಡುವ ಬಾಗಿಲಮ್ಮ

ಕಿಟಕಿಯ ಬಣ್ಣದ ಗಾಜಿಗೆ ಇನ್ನೂ ಬೆಳಕು ತಾಕಿಲ್ಲ. ಚರ್ಚಿನ ಒಳಗೆ ಉರಿಯುತ್ತಿರುವುದು ಬಲಿಪೀಠದ ಪಕ್ಕದ ಕೆಂಪು ದೀಪ ಒಂದೇ. ಆ ಮಬ್ಬಿನಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರು ಬೆಂಚಿನಿಂದ ಬೆಂಚಿಗೆ ಬಗ್ಗಿ ಸಾಗುತ್ತಿದ್ದಾರೆ. ಬಲಗೈಯಲ್ಲಿ ಒದ್ದೆ ಬಟ್ಟೆ. ಎಡ ಅಂಗೈಯನ್ನು ಮರದ ಮೇಲೆ ಮೆಲ್ಲಗೆ ಆಡಿಸುತ್ತ, ಮೊಳೆ ತಲೆ ಎತ್ತಿದೆಯೇ, ಸಿಬಿರು ಎದ್ದಿದೆಯೇ ಎಂದು ಸವರಿ ನೋಡುತ್ತಾರೆ. ಮದುವೆಗೆ ಬರುವವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಾರೆ, ಅದು ಇಲ್ಲಿ ಸಿಕ್ಕಿ ಹರಿಯಬಾರದು ಎನ್ನುವುದು ಅವರ ಲೆಕ್ಕಾಚಾರ. ಪ್ರತಿ ಬೆಂಚಿನ ಮುಂದೆ ಮೊಣಕಾಲೂರಲು ಒಂದು ಮಡಚುವ ಹಲಗೆ ಇದೆ. ಅದನ್ನು ಎತ್ತಿ ಇಳಿಸಿ, ಕೀಲು ಕಿರುಗುಟ್ಟಿದರೆ ಒಂದು ಹನಿ ಎಣ್ಣೆ ಬಿಡುತ್ತಾರೆ.

ಈ ಚರ್ಚಿಗೆ ಬರುವ ಮಕ್ಕಳು ಅವರಿಗೆ ಇಟ್ಟ ಹೆಸರು ಬಾಗಿಲಮ್ಮ. ಈಗ ದೊಡ್ಡವರೂ ಹಾಗೇ ಕರೆಯುತ್ತಾರೆ. ಫಾದರ್ ಕೂಡ ಸಭೆಯ ಮುಂದೆ ಒಮ್ಮೆ ಬಾಯ್ತಪ್ಪಿ ಬಾಗಿಲಮ್ಮ ಎಂದದ್ದುಂಟು. ಗುಡಿಸುವುದು, ಒರೆಸುವುದು, ಹೂವಿನ ನೀರು ಬದಲಿಸುವುದು ಅವರ ಕೆಲಸದ ಒಂದು ಭಾಗ ಮಾತ್ರ. ಅವರಿಗೆ ಈ ಹೆಸರು ತಂದುಕೊಟ್ಟದ್ದು ಇನ್ನೊಂದು ಭಾಗ. ಮದುವೆಯ ದಿನ ಅವರು ದೊಡ್ಡ ಬಾಗಿಲ ಬಳಿ ನಿಲ್ಲುತ್ತಾರೆ. ಕ್ಯಾಥೊಲಿಕ್ ಮದುವೆಯನ್ನು ಎಂದೂ ನೋಡದ ಅತಿಥಿಗಳಿಗೆ, ಅವರು ಒಳಗೆ ಕಾಲಿಡುವ ಮೊದಲು, ತಿಳಿದಿರಬೇಕಾದ ನಾಲ್ಕು ಮಾತು ಹೇಳುತ್ತಾರೆ.

ಇಂದೂ ಮದುವೆ ಇದೆ. ಇಂದಿನ ವಧು ಬಾಗಿಲಮ್ಮನ ಮಗಳೇ.

ವಧುವಿನ ತಾಯಿ ಮದುವೆಯ ದಿನ ನಸುಕಿನಲ್ಲಿ ಬೆಂಚು ಒರೆಸುವುದೇ ಎಂದು ಮನೆಯಲ್ಲಿ ತಕರಾರು ಆಗಿದೆ. ಅವರ ಗಂಡ ಬಡಗಿ. ಈ ಬೆಂಚುಗಳಲ್ಲಿ ಅರ್ಧದಷ್ಟು ಅವರ ಕೈಯಲ್ಲೇ ರಿಪೇರಿ ಆದವು. "ಇವತ್ತೊಂದು ದಿನ ನಾನೇ ಒರೆಸ್ತೀನಿ, ನೀನು ತಲೆ ಬಾಚ್ಕೊ ಹೋಗು ಅಂದೆ. ಕೇಳಲಿಲ್ಲ. ನಾನು ಒರೆಸಿದರೆ ಆಮೇಲೆ ಮತ್ತೆ ಒರೆಸ್ತಾಳೆ, ಅದು ಎರಡು ಕೆಲಸ," ಎನ್ನುತ್ತ ಅವರು ಕೊನೆಯ ಸಾಲಿನ ಒಂದು ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾರೆ. ಅಲ್ಲಿ ಚಹಾ ಕುಡಿಯಬಾರದು ಎಂದು ಬಾಗಿಲಮ್ಮ ಕಣ್ಣಲ್ಲೇ ಹೇಳುತ್ತಾರೆ. ಅವರು ಲೋಟ ಹಿಡಿದು ಹೊರಗಿನ ಮೆಟ್ಟಿಲಿಗೆ ಎದ್ದುಹೋಗುತ್ತಾರೆ.

ಕೊನೆಯ ಸಾಲನ್ನು ಬಾಗಿಲಮ್ಮ ಎರಡು ಸಲ ಒರೆಸುತ್ತಾರೆ. ಕಾರಣವನ್ನು ಅವರೇ ಹೇಳುತ್ತಾರೆ. "ಇವತ್ತು ನಮ್ಮಮ್ಮ ಬರ್ತಾಳೆ. ನನ್ನ ಮದುವೆ ದಿನ ಈ ಬಾಗಿಲು ದಾಟಿ ಹೋದೋಳು, ಮೂವತ್ತು ವರ್ಷ ಆಯ್ತು, ತಿರುಗಿ ಕಾಲಿಟ್ಟಿಲ್ಲ. ಬರ್ತೀನಿ ಅಂತ ಅಣ್ಣನ ಹತ್ರ ಹೇಳಿ ಕಳಿಸಿದ್ದಾಳೆ. ಒಳಗೆ ಬರ್ತಾಳೋ, ಮೆಟ್ಟಿಲಿಂದಾನೇ ಮೊಮ್ಮಗಳನ್ನ ನೋಡ್ಕೊಂಡು ಹೋಗ್ತಾಳೋ, ಗೊತ್ತಿಲ್ಲ."

ಬಾಗಿಲಮ್ಮ ಹುಟ್ಟಿನಿಂದ ಕ್ಯಾಥೊಲಿಕ್ ಅಲ್ಲ. ಬಡಗಿಯನ್ನು ಮೆಚ್ಚಿ, ಮದುವೆಗೆ ಮೊದಲಿನ ವರ್ಷ ಜ್ಞಾನಸ್ನಾನ ಪಡೆದು ಈ ಸಭೆಗೆ ಸೇರಿದವರು. ತಂದೆ ಆಗ ಹಾಸಿಗೆ ಹಿಡಿದಿದ್ದರು. ಅವರು ಬೇಡ ಎನ್ನಲಿಲ್ಲ. ಹುಡುಗ ಕೈಕೆಲಸ ಬಲ್ಲವನು, ಮಗಳು ಉಪವಾಸ ಬೀಳುವುದಿಲ್ಲ ಎಂದಷ್ಟೇ ಅಂದರಂತೆ. ಮದುವೆಗೆ ತಾಯಿ ಮತ್ತು ಅಣ್ಣ ಬಂದರು. ಇಂಥ ಮದುವೆ ಅವರು ನೋಡಿದ್ದು ಅದೇ ಮೊದಲು. ಯಾರೂ ಏನೂ ಹೇಳಿರಲಿಲ್ಲ. ಎಲ್ಲರೂ ಎದ್ದಾಗ ಎದ್ದರು, ಕುಳಿತಾಗ ಕುಳಿತರು. ಬಲಿಪೂಜೆ ಎಂದು ಕರೆಯುವ ಚರ್ಚಿನ ಆರಾಧನೆಯ ಕೊನೆಯ ಭಾಗದಲ್ಲಿ ಜನ ಸಾಲುಗಟ್ಟಿ ಮುಂದೆ ನಡೆದರು. ತಾಯಿಯೂ ಸಾಲಿನಲ್ಲಿ ನಿಂತರು.

ಆ ಸಾಲು ಪರಮಪ್ರಸಾದದ್ದು. ಅಲ್ಲಿ ಫಾದರ್ ಕೊಡುವ ಬಿಳಿಯ ತೆಳು ರೊಟ್ಟಿಯನ್ನು ಕ್ಯಾಥೊಲಿಕರು ಕ್ರಿಸ್ತನ ದೇಹವೆಂದೇ ನಂಬಿ ಸ್ವೀಕರಿಸುತ್ತಾರೆ. ಅದು ಆ ನಂಬಿಕೆಯೊಳಗಿನವರಿಗೆ ಮಾತ್ರ, ಮತ್ತು ಕೈಗೆ ಬಂದದ್ದನ್ನು ಅಲ್ಲೇ ಸೇವಿಸಬೇಕು. ತಾಯಿಗೆ ಇದು ಗೊತ್ತಿರಲಿಲ್ಲ. ಮುಂದಿನವರನ್ನು ನೋಡಿ ಕೈ ಚಾಚಿದರು, ಅಂಗೈಗೆ ಬಂತು. ಮನೆಯಲ್ಲಿ ಗಂಡ ಮಲಗಿದ್ದಾರೆ, ಮಗಳ ಮದುವೆ ಅವರು ನೋಡಲಾಗಲಿಲ್ಲ, ಇದಾದರೂ ಅವರ ಬಾಯಿಗೆ ಬೀಳಲಿ ಎಂದುಕೊಂಡರು. ಕರವಸ್ತ್ರ ತೆಗೆದು ರೊಟ್ಟಿಯನ್ನು ಅದರ ಮೂಲೆಯಲ್ಲಿಟ್ಟು ಗಂಟು ಹಾಕಿದರು.

ಆಗ ಚರ್ಚಿನ ಕೆಲಸ ನೋಡಿಕೊಳ್ಳುತ್ತಿದ್ದವರು ಗಂಟೆ ತಾತ. ಗಂಟೆ ಹೊಡೆಯುತ್ತಿದ್ದರಿಂದ ಆ ಹೆಸರು. ಅವರು ನಡುದಾರಿಯಲ್ಲೇ ತಾಯಿಯನ್ನು ತಡೆದರು. ತಗ್ಗಿದ ದನಿಯಲ್ಲೇ ಕೇಳಿದರು, ಗದರಲಿಲ್ಲ. ಆದರೆ ಕೇಳಿದ್ದು ಇಡೀ ಸಭೆಯ ಕಣ್ಣೆದುರು. ತಾಯಿ ಗಂಟು ಬಿಚ್ಚಿದರು. ತಾತ ಆ ರೊಟ್ಟಿಯನ್ನು ತೆಗೆದುಕೊಂಡು, ನಿಯಮದಂತೆ, ಅಲ್ಲೇ ತಾವೇ ಸೇವಿಸಿದರು.

ತಾಯಿಗೆ ಕಂಡದ್ದು ಬೇರೆ. ಕಾಯಿಲೆಯವನಿಗೆಂದು ಎತ್ತಿಟ್ಟದ್ದನ್ನು ಇವನು ಕಿತ್ತುಕೊಂಡು, ನನ್ನ ಮುಖದೆದುರೇ ಬಾಯಿಗೆ ಹಾಕಿಕೊಂಡ. ಅವರು ಖಾಲಿ ಕರವಸ್ತ್ರ ಮಡಚಿಕೊಂಡು, ಊಟಕ್ಕೂ ನಿಲ್ಲದೆ, ಮಗನೊಂದಿಗೆ ಹೊರಟುಹೋದರು. ತಂದೆ ಆ ವರ್ಷವೇ ತೀರಿಕೊಂಡರು.

"ಅಮ್ಮ ನನ್ನನ್ನ ಬಿಡಲಿಲ್ಲ," ಎಂದು ಬಾಗಿಲಮ್ಮ ಒತ್ತಿ ಹೇಳುತ್ತಾರೆ. "ಬಾಣಂತನಕ್ಕೆ ಕರ್ಕೊಂಡು ಹೋದಳು. ಮಗಳನ್ನ ಎತ್ತಿ ಆಡಿಸಿದಳು. ಚರ್ಚು ಅಂತ ಮಾತ್ರ ಎತ್ತೋ ಹಾಗಿಲ್ಲ. ಎತ್ತಿದರೆ ಎದ್ದು ಪಾತ್ರೆ ತೊಳೆಯೋಕೆ ಹೋಗ್ತಿದ್ದಳು, ತೊಳೆದಿದ್ದನ್ನೇ ತೊಳೆಯೋಳು."

ಗಂಟೆ ತಾತನ ಮೇಲೆ ಅವರಿಗೆ ಸಿಟ್ಟಿಲ್ಲವೇ? ಈ ಪ್ರಶ್ನೆಗೆ ಅವರು ಒದ್ದೆ ಬಟ್ಟೆ ಹಿಂಡುವುದನ್ನು ನಿಲ್ಲಿಸುತ್ತಾರೆ. ಮದುವೆಯ ಮೂರನೆಯ ದಿನ ತಾತ ಅವರ ಮನೆಗೆ ಬಂದು ಕುಳಿತರಂತೆ. ತಾಯಿಯ ಊರಿಗೂ ಬಸ್ಸು ಹತ್ತಿ ಹೋಗಿ ಬಂದಿದ್ದರು. ಅಲ್ಲಿ ಬಾಗಿಲು ತೆರೆದಿರಲಿಲ್ಲ. "ತಾತ ಹೇಳಿದ್ದು ಒಂದೇ ಮಾತು. ನಾನು ತಪ್ಪು ಮಾಡಲಿಲ್ಲ ಮಗಳೇ, ಆದರೆ ತಡ ಮಾಡಿದೆ, ನಡುದಾರಿಯಲ್ಲಿ ಹೇಳಿದ್ದನ್ನ ಬಾಗಿಲಲ್ಲಿ ಹೇಳಬೇಕಿತ್ತು ಅಂದರು. ನನಗೆ ಈಗ ಮಂಡಿ ನೋವು, ಬಾಗಿಲಲ್ಲಿ ನಿಲ್ಲೋಕೆ ಒಬ್ಬರು ಬೇಕು, ಬರ್ತೀಯಾ ಅಂತ ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ನನ್ನ ಮುಖ ನೋಡೋಕೆ ಹೆದರಿ ದೂರ ಇರ್ತಿದ್ದರು. ಅವರು ನನ್ನನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡರು. ಆ ಪುಣ್ಯಾತ್ಮನ ಋಣ ದೊಡ್ಡದು."

ತಾತ ಇಲ್ಲವಾಗಿ ಬಹಳ ಕಾಲವಾಗಿದೆ. ಅವರ ಹಳೆಯ ಕಪ್ಪು ಕೋಟು ಇನ್ನೂ ಬಾಗಿಲ ಹಿಂದಿನ ಗೂಟದಲ್ಲಿದೆ. ಅದರ ಪಕ್ಕದ ಗೂಟಗಳಲ್ಲಿ ನಾಲ್ಕಾರು ತೆಳು ಶಾಲುಗಳು. ಭುಜ ತೆರೆದ ಉಡುಪಿನಲ್ಲಿ ಬಂದವರಿಗೆ ಬಾಗಿಲಮ್ಮ ಒಳಗೆ ಭುಜ ಮುಚ್ಚಬೇಕು ಎನ್ನುವುದಿಲ್ಲ. ಒಳಗೆ ತಣ್ಣಗಿದೆ, ಹೊದ್ದುಕೊಳ್ಳಿ ಎಂದು ಶಾಲು ಚಾಚುತ್ತಾರೆ. ಸುಡು ಬೇಸಿಗೆಯಲ್ಲೂ ಅದೇ ಮಾತು. ಇದುವರೆಗೆ ಯಾರೂ ಬೇಡ ಎಂದಿಲ್ಲವಂತೆ.

ಅವರ ಕೆಲಸದ ಗುಟ್ಟು ಇದೇ. ಕೂಡದು, ಬಾರದು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ನಮ್ಮಲ್ಲಿ ಹೀಗೆ ಎನ್ನುತ್ತಾರೆ, ಅಷ್ಟೇ. ಬಾಗಿಲ ಬಳಿಯ ಕಲ್ಲಿನ ಬಟ್ಟಲಲ್ಲಿರುವ ತೀರ್ಥದಲ್ಲಿ ಒಬ್ಬ ಅತಿಥಿ ಕೈ ತೊಳೆದು, ಒರೆಸಿಕೊಳ್ಳಲು ಬಟ್ಟೆ ಎಲ್ಲಿದೆ ಎಂದು ಸುತ್ತ ನೋಡಿದ್ದರಂತೆ. ಬಾಗಿಲಮ್ಮ ತಮ್ಮ ಟವೆಲ್ಲೇ ಕೊಟ್ಟರು. ಆಮೇಲೆ, ನಮ್ಮಲ್ಲಿ ಇದನ್ನ ಬೆರಳ ತುದಿಗೆ ತಾಕಿಸಿ ಶಿಲುಬೆಯ ಗುರುತು ಮಾಡ್ಕೊಳ್ತೀವಿ, ನಿಮಗೆ ಬೇಕಿಲ್ಲದಿದ್ದರೆ ಹಾಗೇ ಬನ್ನಿ ಎಂದರು. ಆ ಮನುಷ್ಯ ಈಗ ಎಲ್ಲಿ ಸಿಕ್ಕರೂ ಟವೆಲ್ ತಂದಿದ್ದೀರಾ ಅಮ್ಮ ಎಂದು ಕೇಳುತ್ತಾರೆ.

ಒಂಬತ್ತಕ್ಕೆಲ್ಲ ಅತಿಥಿಗಳು ಬರತೊಡಗುತ್ತಾರೆ. ಬಾಗಿಲಮ್ಮ ಈಗ ಹೊಸ ಬಟ್ಟೆಯಲ್ಲಿದ್ದಾರೆ, ಆದರೆ ನಿಂತಿರುವುದು ಅದೇ ಜಾಗದಲ್ಲಿ. ವರನ ಜೊತೆ ಕೆಲಸ ಮಾಡುವವರ ಗುಂಪೊಂದು ಮೆಟ್ಟಿಲೇರುತ್ತದೆ. ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡುವ ಬದಲು, ಅವರಲ್ಲಿ ಹೆಚ್ಚು ಮಾತಾಡುವವನನ್ನು ಹುಡುಕಿ ಅವನೊಬ್ಬನಿಗೆ ಹೇಳುತ್ತಾರೆ. ಉಳಿದವರಿಗೆ ಅವನೇ ಹೇಳಿಕೊಳ್ಳುತ್ತಾನೆ. ಮುಂದಿನ ಎರಡು ಸಾಲು ಮನೆಯವರದ್ದು. ಫೋನು ಸದ್ದಿಲ್ಲದಿರಲಿ. ಫೋಟೊ ಕೂತಲ್ಲಿಂದಲೇ, ಬೆಳಕು ಮಿಂಚಿಸದೆ. ವಧು ನಡೆದು ಬರುವಾಗ ನಡುದಾರಿಗೆ ಇಳಿಯುವುದು ಬೇಡ. ತಡವಾಗಿ ಬಂದವರು ಆಕೆ ಮುಂದೆ ತಲುಪುವವರೆಗೆ ಹಿಂದೆ ನಿಂತು, ಆಮೇಲೆ ಪಕ್ಕದ ದಾರಿಯಿಂದ ಬಂದರಾಯಿತು. ಬಲಿಪೂಜೆಯೂ ಸೇರಿದ ಮದುವೆ ಒಂದು ಗಂಟೆ, ಕೆಲವೊಮ್ಮೆ ಮೇಲೆ ಸ್ವಲ್ಪ. ಹೂವಿನ ಪಕಳೆ ಎರಚುವುದಾದರೆ ಹೊರಗೆ, ಮೆಟ್ಟಿಲ ಕೆಳಗೆ. ಉಡುಗೊರೆಯೂ ಆಮೇಲೆ, ಊಟದ ಹಾಲ್‌ನಲ್ಲಿ.

ಎದ್ದು ನಿಲ್ಲುವುದು, ಕೂರುವುದು ಯಾವಾಗ ಎಂಬ ಗೊಂದಲಕ್ಕೆ ಅವರದೇ ಒಂದು ಏರ್ಪಾಡಿದೆ. ದಿನವೂ ಬಲಿಪೂಜೆಗೆ ಬರುವ ಇಬ್ಬರು ಅಕ್ಕತಂಗಿಯರಿದ್ದಾರೆ, ಟೈಲರಿಂಗ್ ಮಾಡಿ ಬಾಳಿದವರು. ಮದುವೆ ಯಾರದ್ದೇ ಇರಲಿ, ನೀಲಿ ಬಟ್ಟೆ ಉಟ್ಟು ಬರುವ ಅವರನ್ನು ಒಂದೊಂದು ಬದಿಗೆ ಒಬ್ಬರಂತೆ ಮೂರನೇ ಸಾಲಿನಲ್ಲಿ ಕೂರಿಸುತ್ತಾರೆ. ಹೊಸಬರಿಗೆ, ಆ ನೀಲಿ ಬಟ್ಟೆಯವರು ಎದ್ದರೆ ಏಳಿ, ಕೂತರೆ ಕೂರಿ, ಅವರು ಮೊಣಕಾಲೂರಿದರೆ ನೀವು ಸುಮ್ಮನೆ ಕೂತಿದ್ದರೂ ಸಾಕು ಎನ್ನುತ್ತಾರೆ. ಒಮ್ಮೆ, ಎಲ್ಲರೂ ಎದ್ದು ನಿಂತು ಕೇಳುವ ಶುಭಸಂದೇಶವನ್ನು ಫಾದರ್ ಓದುವಾಗ, ಮಂಡಿ ಸೆಳೆದು ಅಕ್ಕ ತಟ್ಟನೆ ಕುಳಿತರು. ಅವರ ಹಿಂದಿದ್ದ ಅಷ್ಟೂ ಸಾಲು ಒಟ್ಟಿಗೆ ಕುಳಿತವು. ಫಾದರ್ ಪುಸ್ತಕದಿಂದ ತಲೆ ಎತ್ತಿ ನೋಡಿದರು. ಅಕ್ಕ ಗಾಬರಿಯಿಂದ ಎದ್ದರು, ಸಾಲುಗಳೂ ಎದ್ದವು. "ಅವತ್ತಿಂದ ಮಂಡಿ ನೋವಿಗೆ ಎಣ್ಣೆ ಹಚ್ಕೊಂಡೇ ಬಾರಕ್ಕ ಅಂತ ಹೇಳಿದ್ದೀನಿ," ಎನ್ನುತ್ತಾರೆ ಬಾಗಿಲಮ್ಮ.

ಅವರು ಎಲ್ಲರಿಗೂ ತಪ್ಪದೆ ಹೇಳುವ ಇನ್ನೊಂದು ಮಾತಿದೆ. "ಮದುವೆ ಮಾಡ್ಸೋದು ಫಾದರ್ ಅಂತ ಜನ ಅಂದ್ಕೊಳ್ತಾರೆ. ಅಲ್ಲ. ಮಾತು ಕೊಡೋರು, ಮಾತು ತಗೊಳ್ಳೋರು ಅವರಿಬ್ಬರೇ. ಫಾದರ್ ಸಾಕ್ಷಿ, ನಾವೆಲ್ಲ ಸಾಕ್ಷಿ. ಸಾಕ್ಷಿ ಹೇಳೋಕೆ ಬಂದೋರು ಆ ಒಂದು ನಿಮಿಷ ಫೋನ್ ಇಳಿಸಿ ಅವರ ಮುಖ ನೋಡಿ. ಅದೊಂದು ಮಾಡಿದರೆ ಉಳಿದಿದ್ದು ಹೆಚ್ಚುಕಮ್ಮಿ ಆದರೂ ನಡೀತದೆ."

ಪರಮಪ್ರಸಾದದ ಮಾತನ್ನು ಅವರು ಕೊನೆಗೆ ಹೇಳುತ್ತಾರೆ, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಹತ್ತಿರ ಬಂದು. ಜನ ಸಾಲು ನಿಂತಾಗ ನೀವು ಕೂತೇ ಇರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ, ಹೋಗುವವರಿಗೆ ಕಾಲು ಓರೆ ಮಾಡಿ ದಾರಿ ಬಿಟ್ಟರೆ ಸಾಕು. ಹೋಗಬೇಕು ಅನಿಸಿದರೆ ಎರಡೂ ಕೈ ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಹೋಗಿ. ಈ ಚರ್ಚಿನಲ್ಲಿ ಹಾಗೆ ಬಂದವರಿಗೆ ಫಾದರ್ ರೊಟ್ಟಿಯ ಬದಲು ಆಶೀರ್ವಾದ ಕೊಡುತ್ತಾರೆ. ಹೇಳುವಾಗ ಬಾಗಿಲಮ್ಮನ ಕೈಗಳು ತಾವಾಗಿ ಎದೆಯ ಮೇಲೆ ಅಡ್ಡ ಬರುತ್ತವೆ.

ಗಂಟೆ ಹೊಡೆಯಲು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಒಂದು ಹಳೆಯ ಕಾರು ಬಂದು ನಿಲ್ಲುತ್ತದೆ. ಅಣ್ಣ ಇಳಿದು ಹಿಂದಿನ ಬಾಗಿಲು ತೆರೆಯುತ್ತಾರೆ. ಎಂಬತ್ತು ದಾಟಿದ ತಾಯಿ ಕೋಲೂರಿ ಇಳಿದು, ಚರ್ಚಿನ ಗೋಪುರವನ್ನು ಒಮ್ಮೆ ನೋಡಿ, ಮೆಟ್ಟಿಲ ಬುಡದಲ್ಲಿ ನಿಂತುಬಿಡುತ್ತಾರೆ. ಬಾಗಿಲಮ್ಮ ಓಡಿ ಇಳಿಯುವುದಿಲ್ಲ. ಬಾಗಿಲಲ್ಲೇ ನಿಂತಿದ್ದಾರೆ. ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿಲ್ಲ.

ಮೆಟ್ಟಿಲು ಹತ್ತಿಸಲು ಅಣ್ಣ ತೋಳು ಕೊಡುತ್ತಾರೆ. ತಾಯಿ ನಿಧಾನಕ್ಕೆ ಮೇಲೆ ಬರುತ್ತಾರೆ.

"ಬಾಗಿಲಲ್ಲಿ ನೀನೇ ನಿಲ್ತೀಯಂತೆ," ಎನ್ನುತ್ತಾರೆ ತಾಯಿ.

"ಹೂಂ ಅಮ್ಮ."

"ಎಲ್ಲರಿಗೂ ಏನೋ ಹೇಳ್ತೀಯಂತೆ. ನನಗೂ ಹೇಳು."

ಬಾಗಿಲಮ್ಮ ಹೇಳುತ್ತಾರೆ. ಫೋನು, ಫೋಟೊ ಯಾವುದೂ ಇಲ್ಲ, ನೇರ ಕೊನೆಯ ಮಾತಿಗೇ ಬರುತ್ತಾರೆ. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ತೋರಿಸುತ್ತಾರೆ. ತಾಯಿ ಪೂರ್ತಿ ಕೇಳಿಸಿಕೊಂಡು, ತೋಳಿನಲ್ಲಿದ್ದ ಪುಟ್ಟ ಚೀಲದ ಬಾಯಿ ಎಳೆದು ಮುಚ್ಚುತ್ತಾರೆ.

"ಹೆದರ್ಕೋಬೇಡ. ಈ ಸಲ ಗಂಟು ಕಟ್ಟಲ್ಲ," ಎನ್ನುತ್ತಾರೆ.

ಅಣ್ಣ ಬೇರೆ ಕಡೆ ನೋಡುತ್ತಾರೆ. ಬಾಗಿಲಮ್ಮನಿಗೆ ನಗು ಮೊದಲು ಬಂತೋ ಅಳುವೋ ಹೇಳುವುದು ಕಷ್ಟ. ಮುಂದಿನ ಸಾಲಿಗೆ ಬಾರಮ್ಮ ಎಂದು ಕರೆಯುತ್ತಾರೆ. ಅಲ್ಲಿ ವಧುವಿನ ಅಜ್ಜಿಗೆ ಜಾಗ ಇಟ್ಟಿದೆ. ತಾಯಿ ಒಪ್ಪುವುದಿಲ್ಲ. ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಂಟಿದ ತುದಿಯಲ್ಲಿ ಕೂರುತ್ತಾರೆ. ಎದ್ದು ಹೋಗಬೇಕೆನಿಸಿದರೆ ಯಾರಿಗೂ ತೊಂದರೆ ಆಗಬಾರದು ಎನ್ನುವುದು ಅವರ ಕಾರಣ. ಎರಡು ಸಲ ಒರೆಸಿದ ಬೆಂಚು ಅದೇ.

ಬಾಗಿಲಮ್ಮ ಇಂದು ವಧುವಿನ ತಾಯಿ. ಮುಂದಿನ ಸಾಲಿನಲ್ಲಿ, ಗಂಡನ ಪಕ್ಕದಲ್ಲಿ ಕೂರಲೇಬೇಕು. ಬಾಗಿಲು ಹಿಂದೆ ಉಳಿಯುತ್ತದೆ. ಮಗಳು ನಡೆದು ಬರುತ್ತಾಳೆ, ಬೈಬಲಿನ ವಾಚನಗಳು ಆಗುತ್ತವೆ, ಫಾದರ್ ಪ್ರಬೋಧನೆ ಚುಟುಕಾಗಿ ಮುಗಿಸುತ್ತಾರೆ. ಮಗಳು ಮತ್ತು ಅಳಿಯ ಒಬ್ಬರ ಬಲಗೈಯನ್ನು ಒಬ್ಬರು ಹಿಡಿದು, ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಜೊತೆಗಿರುತ್ತೇವೆ ಎಂದು ಮಾತು ಕೊಡುತ್ತಾರೆ. ಕಾಯಿಲೆ ಎಂಬ ಮಾತು ಬಂದಾಗ ಬಾಗಿಲಮ್ಮನ ತಲೆ ಅರ್ಧ ಹಿಂದಕ್ಕೆ ತಿರುಗಿ, ಮತ್ತೆ ಮುಂದಾಗುತ್ತದೆ. ಸಮಾಧಾನದ ಕುರುಹು ಎಂದು ಅಕ್ಕಪಕ್ಕದವರು ಕೈ ಕುಲುಕುವಾಗಲೂ ಕೊನೆಯ ಸಾಲು ಅವರಿಗೆ ಕಾಣುವುದಿಲ್ಲ, ನಡುವೆ ಎಲ್ಲರೂ ಎದ್ದು ನಿಂತಿದ್ದಾರೆ.

ಪರಮಪ್ರಸಾದದ ಸಾಲು ಶುರುವಾಗುತ್ತದೆ. ಮನೆಯವರು ಮೊದಲು. ಸ್ವೀಕರಿಸಿ ಜಾಗಕ್ಕೆ ಹಿಂದಿರುಗುವವರು ಸಭೆಗೆ ಮುಖ ಮಾಡಿ ನಡೆಯಬೇಕಾಗುತ್ತದೆ. ಬಾಗಿಲಮ್ಮನಿಗೆ ಕೊನೆಯ ಸಾಲು ಕಾಣುವುದು ಆಗಲೇ. ಬಾಗಿಲ ಪಕ್ಕದ ತುದಿ ಖಾಲಿ ಇದೆ.

ಅವರ ಹೆಜ್ಜೆ ನಿಲ್ಲುತ್ತದೆ. ಹಿಂದೆ ಬರುತ್ತಿದ್ದ ಬಡಗಿ ಹೆಚ್ಚುಕಡಿಮೆ ಡಿಕ್ಕಿ ಹೊಡೆಯುತ್ತಾರೆ. ಆಮೇಲೆ ಅವರೇ ಹೆಂಡತಿಯ ಮೊಣಕೈ ಮುಟ್ಟಿ, ಗದ್ದದಿಂದ ಸಾಲಿನ ನಡುವೆ ತೋರಿಸುತ್ತಾರೆ. ನೀಲಿ ಬಟ್ಟೆಯ ಅಕ್ಕನ ಹಿಂದೆ, ಕೋಲನ್ನು ತೋಳಿಗೆ ನೇತುಹಾಕಿಕೊಂಡು, ಎರಡೂ ಕೈ ಎದೆಯ ಮೇಲೆ ಅಡ್ಡಲಾಗಿಟ್ಟುಕೊಂಡು ತಾಯಿ ಬರುತ್ತಿದ್ದಾರೆ. ಅವರ ಹಿಂದೆ ಅಣ್ಣ. ಅಣ್ಣ ಕೈ ಕಟ್ಟಿರುವ ರೀತಿ ಪಹರೆ ನಿಂತ ಪೊಲೀಸನದ್ದು, ಆದರೂ ಕಟ್ಟಿದ್ದಾರೆ.

ಫಾದರ್ ತಾಯಿಯ ತಲೆಯ ಮೇಲೆ ಕೈ ಇಡುತ್ತಾರೆ. ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಇಟ್ಟರು ಎಂದು ಆಮೇಲೆ ಅಕ್ಕತಂಗಿಯರು ವಾದಿಸುತ್ತಾರೆ. ಫಾದರ್ ಇಲ್ಲ ಎನ್ನುತ್ತಾರೆ.

ಮದುವೆ ಮುಗಿದು ಸಹಿಗಳಾಗಿ, ಹೊಸ ಜೋಡಿ ಮೆಟ್ಟಿಲಿಳಿದು, ಪಕಳೆ ಎರಚಿಯೂ ಆಗಿದೆ. ಜನ ಹಾಲ್ ಕಡೆ ನಡೆದಿದ್ದಾರೆ. ತಾಯಿ ಇನ್ನೂ ಬಾಗಿಲ ಬಳಿ ನಿಂತಿದ್ದಾರೆ. ಗೂಟದಲ್ಲಿದ್ದ ಕಪ್ಪು ಕೋಟನ್ನು ನೋಡಿ ಅದು ಯಾರದ್ದೆಂದು ಕೇಳುತ್ತಾರೆ. ಮಗಳು ಹೇಳುತ್ತಾರೆ. ತಾತ ಅಂದು ಸೇವಿಸಿದ್ದು ಯಾಕೆ, ಕಾಯಿಲೆಯಲ್ಲಿರುವ ಸಭೆಯವರಿಗೆ ಫಾದರ್ ತಾವೇ ಅದನ್ನು ಮನೆಗೆ ಕೊಂಡೊಯ್ಯುವ ಕ್ರಮ ಯಾವುದು, ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಹೇಳುತ್ತಾರೆ. ತಾಯಿ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಧೂಳು ಕೊಡವಿ ಬಿಡುತ್ತಾರೆ.

"ಅವನು ಊರಿಗೆ ಬಂದಾಗ ನಾನು ಒಳಗೇ ಇದ್ದೆ," ಎನ್ನುತ್ತಾರೆ. "ಬಾಗಿಲು ತೆಗೀಬೇಕಿತ್ತು."

ಕೋಟಿನಿಂದ ಮಗಳ ಕಡೆ ತಿರುಗಿ ಮತ್ತೊಂದು ಪ್ರಶ್ನೆ ಕೇಳುತ್ತಾರೆ.

"ಫಾದರ್ ಕೊಟ್ಟರಲ್ಲ, ಆಶೀರ್ವಾದ. ಅದನ್ನ ಮನೆಗೆ ತಗೊಂಡು ಹೋಗಬಹುದಾ? ನಿಮ್ಮಪ್ಪನ ಫೋಟೊ ಇದೆ."

"ಹೋಗಬಹುದಮ್ಮ."

"ದಾರಿಯಲ್ಲಿ ಯಾರೂ ತಡೆಯಲ್ಲ ತಾನೇ?"

"ಯಾರೂ ತಡೆಯಲ್ಲ."

ತಾಯಿ ಮಗಳ ತೋಳು ಹಿಡಿದು ಊಟದ ಹಾಲ್‌ಗೆ ನಡೆಯುತ್ತಾರೆ. ಮೂವತ್ತು ವರ್ಷದ ಹಿಂದೆ ಉಣ್ಣದೆ ಹೋದವರು ಇಂದು ಎರಡನೆಯ ಸಲ ಪಾಯಸ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮುಂದಿನ ಶನಿವಾರ ನಸುಕು, ಇನ್ನೊಂದು ಮದುವೆ. ಮತ್ತೆ ಒದ್ದೆ ಬಟ್ಟೆ, ಮತ್ತೆ ಎಣ್ಣೆಯ ಬಾಟಲಿ. ಈ ಕೆಲಸದಿಂದ ಇನ್ನೇನು ಬೇಕು ಎಂದರೆ ಬಾಗಿಲಮ್ಮ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಬೇಕಾದದ್ದು ಬಂದಾಗಿದೆ, ಇನ್ನು ಮಂಡಿ ಗಟ್ಟಿ ಇರುವವರೆಗೆ ನಿಲ್ಲಲು ಬಿಟ್ಟರೆ ಸಾಕು ಎನ್ನುತ್ತಾರೆ. ಒಂಬತ್ತಾಗುತ್ತಲೇ ಅತಿಥಿಗಳು ಬರತೊಡಗುತ್ತಾರೆ. ವರನ ಕಡೆಯ ಮುದುಕರೊಬ್ಬರು ಒಂಟಿಯಾಗಿ ಮೆಟ್ಟಿಲೇರಿ, ಒಳಗೆ ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಲ್ಲುತ್ತಾರೆ. ಬಾಗಿಲಮ್ಮ ಹತ್ತಿರ ಹೋಗಿ, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ತೋರಿಸುತ್ತಾರೆ. ಎಷ್ಟೋ ವರ್ಷದಿಂದ ಹೇಳುತ್ತ ಬಂದ ಮಾತಿಗೆ ಇಂದು ಒಂದು ಸಾಲು ಹೊಸದಾಗಿ ಸೇರಿದೆ.

"ಹೀಗೆ ಹೋದರೆ ಆಶೀರ್ವಾದ ಕೊಡ್ತಾರೆ, ತಾತ. ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೂ ತಗೊಂಡು ಹೋಗಬಹುದು."